ಒಂದನೇ ನಂಬರ್ ಬಿಳಿ

ಹತ್ತು ಗಂಟೆಗೆ ಸರಿಯಾಗಿ ನಾಲ್ವರೂ ಕಣ್ಣು ಕೂರಿಸಲು ಕೂತರು. ಬಣ್ಣದ ಕಾರ್ಖಾನೆಯವರ ಬಾಯಲ್ಲಿ ಅದಕ್ಕೆ ಹಾಗೇ ಹೆಸರು. ಬಣ್ಣ ನೋಡುವ ಕೋಣೆಗೆ ಬಂದವರು ಮೊದಲ ಐದು ನಿಮಿಷ ಎದುರಿನ ಬೂದು ಹಲಗೆಯನ್ನು ಸುಮ್ಮನೆ ನೋಡುತ್ತಿರಬೇಕು. ದಾರಿಯಲ್ಲಿ ಕಂಡ ಬಸ್ಸು, ಅಂಗಡಿ ಬೋರ್ಡು, ಹಣ್ಣಿನ ಗಾಡಿ ಎಲ್ಲ ಕಣ್ಣಿಂದ ಇಳಿದುಹೋಗಬೇಕು. ಗೋಡೆ ಬೂದು, ನೆಲ ಬೂದು, ಮೈಮೇಲಿನ ಕೋಟೂ ಬೂದು. ಆಮೇಲೆ ಮೇಜಿನ ಮೇಲೆ ಎರಡು ತಗಡು ಬರುತ್ತವೆ: ಒಂದು ಮಾದರಿ, ಇನ್ನೊಂದು ಆ ದಿನ ಕಲಸಿದ ಬಣ್ಣ ಬಳಿದದ್ದು. ಎರಡೂ ಒಂದೇ ಆಗಿದ್ದರೆ 'ಸಮ' ಅನ್ನಬೇಕು, ಇಲ್ಲದಿದ್ದರೆ 'ಬೇರೆ'. ಒಂದನೇ ಕುರ್ಚಿಯಿಂದ ನಾಲ್ಕನೆಯದರವರೆಗೆ, ಒಬ್ಬೊಬ್ಬರಾಗಿ, ಗಟ್ಟಿಯಾಗಿ. ಇಷ್ಟೇ ಕೆಲಸ. ಇಷ್ಟಕ್ಕೂ ಸಂಬಳ ಕೊಡುತ್ತಾರಾ ಎಂದು ನೆಂಟರಿಷ್ಟರೆಲ್ಲ ಕೇಳಿ ಕೇಳಿ ಸುಸ್ತಾಗಿ ಈಗ ಬಿಟ್ಟಿದ್ದರು. ಮೂರನೇ ಕುರ್ಚಿಯವನು ಹದಿನಾಲ್ಕು ವರ್ಷದಿಂದ ಆ ಬೂದು ಹಲಗೆಯನ್ನು ನೋಡುತ್ತ ಬಂದವನು. ಕೂತ ಅರ್ಧ ನಿಮಿಷಕ್ಕೆ ಅವನ ಕಣ್ಣು ಹಾಸಿಗೆ ಕಂಡ ಹಾಗೆ ಒರಗಿಬಿಡುತ್ತಿತ್ತು. ಇವತ್ತು ಮಾತ್ರ ಅದು ಕೂರಲೊಲ್ಲದು. ಹಲಗೆಯ ಮೇಲೆ ಏನೇನೋ ಕಾಣಿಸುತ್ತಿತ್ತು, ಮತ್ತು ಕಾಣಿಸಿದ್ದೆಲ್ಲ ಎಡಗಡೆ ಕೂತವಳದ್ದೇ ಆಗಿತ್ತು.

ಅವಳು ನಾಲ್ಕನೇ ಕುರ್ಚಿಗೆ ಬಂದು ಇವತ್ತಿಗೆ ಮೂರು ವಾರ. ಮೊದಲು ಕೃತಕ ಹಲ್ಲು ಮಾಡುವ ಒಂದು ಸಣ್ಣ ಕಾರ್ಯಾಗಾರದಲ್ಲಿದ್ದಳಂತೆ; ಬಾಯಲ್ಲಿ ಉಳಿದ ಹಲ್ಲಿನ ಬಣ್ಣಕ್ಕೆ ಹೊಸ ಹಲ್ಲಿನ ಬಣ್ಣ ಕೂಡಿಸುವುದು ಕೆಲಸ. ಸುದ್ದಿ ತಿಳಿದ ಅರ್ಧ ಗಂಟೆಯಲ್ಲಿ ಕಾರ್ಖಾನೆಯೆಲ್ಲ ಅವಳಿಗೆ 'ಹಲ್ಲಿನವಳು' ಎಂದು ಹೆಸರಿಟ್ಟಾಗಿತ್ತು. ಹಲ್ಲು ನೋಡಿದ ಕಣ್ಣಿಗೆ ಗೋಡೆ ಬಣ್ಣ ಏನು ತಿಳಿದೀತು, ಅಂಗುಲದಷ್ಟು ಬಿಳಿ ನೋಡಿದವಳು ಅರಮನೆಯಷ್ಟು ಬಿಳಿಯನ್ನು ಹೇಗೆ ಅಳೆದಾಳು ಎಂದು ಬಣ್ಣ ಕಲಸುವವರು ಆಡಿಕೊಂಡರು. ಮೂರನೇ ಕುರ್ಚಿಯವನೇನು ಕಮ್ಮಿಯಲ್ಲ. ಮೊದಲ ದಿನ ಅವಳು ಪಕ್ಕದಲ್ಲಿ ಕೂತದ್ದೇ ತಡ, ತನ್ನ ಮುಂದಿನ ಸೊಟ್ಟ ಹಲ್ಲು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದವನು ಹತ್ತು ದಿನ ಇಳಿಸಲಿಲ್ಲ. ಹಲ್ಲಿನವರು ಮನುಷ್ಯರನ್ನು ನೋಡುವುದಿಲ್ಲ, ಬಾಯಿ ನೋಡುತ್ತಾರೆ ಎಂದು ಅವನಿಗೆ ಹೇಗೆ ಗೊತ್ತಿತ್ತೋ, ಗೊತ್ತಿತ್ತು. ಹನ್ನೊಂದನೇ ದಿನ ಅವಳು ಕಾಗದದ ಪೊಟ್ಟಣವೊಂದನ್ನು ಮೆಲ್ಲಗೆ ಅವನ ಕಡೆ ಸರಿಸಿ, "ಲವಂಗ. ಕಚ್ಚಿ ಹಿಡ್ಕೊಳ್ಳಿ, ನೋವು ಕಡಿಮೆ ಆಗುತ್ತೆ" ಅಂದಳು. ನೋವಿಲ್ಲ ಎಂದು ಹೇಳುವ ಧೈರ್ಯವಿಲ್ಲದೆ ಅವನು ಮಧ್ಯಾಹ್ನದವರೆಗೆ ಲವಂಗ ಕಚ್ಚಿಕೊಂಡಿದ್ದ. ನಾಲಿಗೆ ಉರಿಯುತ್ತಿತ್ತು, ಕಿವಿ ಕೆಂಪಾಗಿತ್ತು, ಮತ್ತು ಯಾವುದೋ ಒಂದು ಹುಚ್ಚು ಸಂತೋಷ ಹೊಟ್ಟೆಯಿಂದ ಎದ್ದು ಬರುತ್ತಿತ್ತು. ಅವತ್ತು ಸಂಜೆ ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ಅಲ್ಲ, ಇದಕ್ಕೆ ಪ್ರೀತಿ ಅಂತ ಹೆಸರಿಡಬಹುದೋ ಅಥವಾ ಬರೀ ಕುರ್ಚಿಯ ಮಹಿಮೆಯೋ? ಹಲಗೆ ನೋಡುತ್ತ ಅವನು ಇದನ್ನು ಎಷ್ಟೋ ಸಲ ಜಗ್ಗಾಡಿ ನೋಡಿದ್ದ. ಅವಳನ್ನು ಎರಡನೇ ಕುರ್ಚಿಯಲ್ಲಿ ಕೂರಿಸಿದ್ದರೆ? ಲೆಕ್ಕಪತ್ರದ ವಿಭಾಗಕ್ಕೋ ಡಬ್ಬಿ ಮುಚ್ಚುವ ಕಡೆಗೋ ಹಾಕಿದ್ದರೆ? ದಿನಾ ಎಂಟು ಗಂಟೆ ಒಂದು ಮೊಳ ದೂರದಲ್ಲಿ ಯಾರನ್ನು ಕೂರಿಸಿದ್ದರೂ ಹೀಗೇ ಆಗುತ್ತಿತ್ತೇನೋ. ಆದರೆ ಬಲಗಡೆ ಎರಡನೇ ಕುರ್ಚಿಯಲ್ಲಿ ಅಷ್ಟೇ ದೂರದಲ್ಲಿ ಒಂಬತ್ತು ವರ್ಷದಿಂದ 'ಹೌದಪ್ಪ' ಕೂತಿದ್ದಾನೆ. ಮೇಲಿನವರು ಏನಂದರೂ ಹೌದು ಅನ್ನುವುದರಿಂದ ಆ ಹೆಸರು. ಹೌದಪ್ಪನ ವಿಷಯದಲ್ಲಿ ಹಾಗೇನೂ ಆಗಿಲ್ಲವಲ್ಲ ಎಂದು ಹೊಳೆದು ಅವನಿಗೆ ಕಣ್ಣು ಕೂರಿಸುವ ಹೊತ್ತಿನಲ್ಲೇ ನಗು ಉಕ್ಕಿತು. ಕೆಮ್ಮಿದಂತೆ ಮಾಡಿ ಅಡಗಿಸಿದ. ಒಂದನೇ ಕುರ್ಚಿಯಿಂದ ಮಾವ ಓರೆಯಾಗಿ ನೋಡಿದರು.

ಮಾವ. ಎಲ್ಲ ಗಂಟು ಬಂದು ಬೀಳುವುದು ಅಲ್ಲೇ. ಕಾರ್ಖಾನೆಗೆಲ್ಲ ಅವರು 'ದೊಡ್ಡವರು', ಅವನಿಗೆ ತಾಯಿಯ ತಮ್ಮ, ಆರನೇ ವಯಸ್ಸಿನಿಂದ ಸಾಕಿದವರು. ಆ ಮನೆಗೆ ಬಂದ ಹೊಸತರಲ್ಲಿ ಅವನು ಅಂಗಳದಲ್ಲಿ ಬಿದ್ದರೆ ಮೊದಲು ಮೊಣಕಾಲು ನೋಡಿಕೊಳ್ಳುತ್ತಿರಲಿಲ್ಲ, ಮಾವನ ಮುಖ ನೋಡುತ್ತಿದ್ದ. ಮಾವ ನಕ್ಕರೆ ಪೆಟ್ಟಾಗಿಲ್ಲ. ಮಾವ ದಡಬಡಿಸಿ ಎದ್ದು ಬಂದರೆ ಪೆಟ್ಟಾಗಿದೆ, ಅಳಬಹುದು. ಅತ್ತೆ ಈಗಲೂ ಅದನ್ನು ಹೇಳಿ ನಗುತ್ತಾರೆ. ಆದರೆ ಮೂವತ್ನಾಲ್ಕು ತುಂಬಿದರೂ ಅವನು ಮಾಡುತ್ತಿರುವುದು ಅದೇ. ಎರಡು ತಗಡು ಬಂದೊಡನೆ ಅವನ ಕಣ್ಣು ತಗಡಿನ ಮೇಲಿದ್ದರೂ ಕಿವಿ ಒಂದನೇ ಕುರ್ಚಿಯಲ್ಲಿರುತ್ತದೆ. ಮಾವ 'ಸಮ' ಅಂದ ಮೇಲೆ ಎರಡೂ ಸಮ ಕಾಣತೊಡಗುತ್ತವೆ. ಇದು ಸುಳ್ಳಲ್ಲ, ನಿಜವಾಗಿ ಕಾಣುತ್ತವೆ, ಅದೇ ಸಂಕಟ. ಆರು ವರ್ಷದ ಹಿಂದೊಂದು ದಿನ ಒಂದನೇ ನಂಬರ್ ಬಿಳಿಯನ್ನು ನೋಡುವಾಗ ಎರಡು ತಗಡಿನ ನಡುವೆ ಕೂದಲೆಳೆಯಷ್ಟು ಏನೋ ಅಂತರ ಕಂಡಿತ್ತು. ಮಾವ 'ಸಮ' ಅಂದರು. ರಾತ್ರಿ ನಿದ್ದೆ ಸಾಲದೆ ಕಣ್ಣು ದಣಿದಿರಬೇಕು ಅಂದುಕೊಂಡು ಅವನೂ 'ಸಮ' ಅಂದ. ಆಮೇಲೆ ಕಾಣುವುದೇ ನಿಂತಿತೋ, ಕಂಡದ್ದು ತಲೆಯವರೆಗೆ ಹೋಗುವುದು ನಿಂತಿತೋ, ಅಂತೂ ಆರು ವರ್ಷ ಏನೂ ತಕರಾರಿಲ್ಲದೆ ಕಳೆಯಿತು. ಎಲ್ಲಿಯವರೆಗೆಂದರೆ, ಇವರ ಮಾತನ್ನು ಬರೆದುಕೊಳ್ಳುವ ರಿಜಿಸ್ಟರಮ್ಮ ಬೆಳಿಗ್ಗೆ ಚಹಾ ಕುಡಿಯುತ್ತಲೇ ಪುಸ್ತಕದ ನಾಲ್ಕೂ ಮನೆಯಲ್ಲಿ 'ಸಮ, ಸಮ, ಸಮ, ಸಮ' ಎಂದು ಮುಂಚಿತವಾಗಿ ಬರೆದಿಟ್ಟುಕೊಳ್ಳುವ ರೂಢಿ ಬಂದಿತ್ತು. ಆಕೆಗೆ ಮಂಡಿ ನೋವು, ಎದ್ದು ಕೂತು ಬರೆಯುವುದು ಆಗದು; ಯಾರೂ ಏನೂ ಅನ್ನುತ್ತಿರಲಿಲ್ಲ.

ಅವಳು ಬಂದಳು, ಆ ರೂಢಿಗೆ ಅಡ್ಡಿ ಬಂತು. ಒಂದನೇ ನಂಬರ್ ಬಿಳಿಯನ್ನು ನೋಡುವುದು ಸೋಮವಾರ ಮಾತ್ರ. ಮೊದಲ ಸೋಮವಾರ ಹೊಸಬಳೆಂದು ಸುಮ್ಮನೆ ನೋಡಿದಳು. ಎರಡನೇ ಸೋಮವಾರ ಮೂರು 'ಸಮ' ಆದ ಮೇಲೆ, ಬಸ್ಸಿನಲ್ಲಿ ಇಳಿಯುವ ಸ್ಟಾಪು ಹೇಳಿದಷ್ಟು ಸಹಜವಾಗಿ, "ಬೇರೆ" ಅಂದಳು. ರಿಜಿಸ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ಬರೆಯಬೇಕಾಯಿತು. ಶಾಯಿಯೇ ಒಣಗಿಹೋಗಿ ಪಕ್ಕದ ಕೋಣೆಯಿಂದ ಸಾಲ ತಂದರು. ಮೂರನೇ ಸೋಮವಾರ ಮತ್ತೆ "ಬೇರೆ". ಇಲ್ಲಿ ಹೊಸಬರಿಗೆ ಒಂದು ಕಟ್ಟಳೆಯಿದೆ. ಮೊದಲ ತಿಂಗಳಲ್ಲಿ ಉಳಿದ ಮೂವರೂ ಒಂದು ಹೇಳಿ ಅವರೊಬ್ಬರೇ ಇನ್ನೊಂದು ಹೇಳಿದರೆ ಒಂದು ಕೆಂಪು. ಮೂರು ಕೆಂಪು ಬಿದ್ದರೆ 'ಕಣ್ಣು ಕೂತಿಲ್ಲ' ಎಂಬ ಒಂದು ಸಾಲಿನ ಕಾಗದ ಕೈಗೆ ಬರುತ್ತದೆ, ಮರುದಿನದಿಂದ ಬರುವುದು ಬೇಡ. ನೀಲಿ, ಹಸಿರು, ಕಾವಿ ಯಾವುದರಲ್ಲೂ ಅವಳು ಒಂದು ಸಲವೂ ತಪ್ಪಿದವಳಲ್ಲ. ಈ ಬಿಳಿಯಲ್ಲಿ ಮಾತ್ರ. ಎರಡು ಕೆಂಪು ಆಗಿದೆ, ಇವತ್ತು ನಾಲ್ಕನೇ ಸೋಮವಾರ. ಅವಳ ಬಾಯಿಂದ 'ಬೇರೆ' ಬಂದೇ ಬರುತ್ತದೆ. ಅವಳಿಗಿಂತ ಮುಂಚೆ ಬಾಯಿ ತೆರೆಯಬೇಕಾದವನು ಅವನು. ಅವನೂ 'ಬೇರೆ' ಅಂದರೆ ಅವಳು ಒಬ್ಬಂಟಿಯಲ್ಲ, ಕುರ್ಚಿ ಉಳಿಯುತ್ತದೆ. ಹಾಗಂದರೆ ಮಾವನನ್ನು ಹತ್ತು ಜನರ ಎದುರಿಗೆ ತಪ್ಪು ಅಂದ ಹಾಗೆ.

ಹೋದ ವಾರ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಅವಳು ನೇರವಾಗಿ ಕೇಳಿದ್ದಳು. "ನಿಜ ಹೇಳಿ, ನಿಮಗೆ ಅವೆರಡೂ ಒಂದೇ ಥರ ಕಾಣುತ್ತಾ?"

"ಅಭ್ಯಾಸ ಆಗುತ್ತೆ ಬಿಡಿ" ಅಂದಿದ್ದ ಅವನು, ಸಾಬೂನಿನ ನೊರೆಯನ್ನೇ ನೋಡುತ್ತ.

"ನಾನು ಕೇಳಿದ್ದು ಅಭ್ಯಾಸದ ಮಾತಲ್ಲ."

ಅವಳು ಕೈ ಒರೆಸಿಕೊಂಡು ಹೋದ ಮೇಲೂ ನಲ್ಲಿ ಹರಿಯುತ್ತಲೇ ಇತ್ತು. ಬಂದ ದಿನ ಅವಳೂ ಅವನಿಗೊಂದು ಹೆಸರಿಟ್ಟಿದ್ದಳಂತೆ, 'ಮಾವನ ಬಾಲ' ಅಂತ. ರಿಜಿಸ್ಟರಮ್ಮ ತಡೆಯಲಾರದೆ ಹೇಳಿಬಿಟ್ಟಿದ್ದರು. ಅವನಿಗೆ ಸಿಟ್ಟು ಬರಬೇಕಿತ್ತು. ಬದಲಾಗಿ, ಅವಳು ತನ್ನನ್ನು ಗಮನಿಸಿದ್ದಾಳಲ್ಲ ಎಂದು ಎರಡು ದಿನ ಖುಷಿಯಲ್ಲಿದ್ದ. ಮೂರನೇ ದಿನ ಆ ಹೆಸರು ಎಷ್ಟು ಸರಿಯಾಗಿ ಹೊಂದುತ್ತದೆ ಎಂದು ಹೊಳೆದು ಮುಖ ಸುಟ್ಟ ಹಾಗಾಯಿತು.

ಆಮೇಲೆ ವಾರವಿಡೀ ಅವನು ಬಿಳಿಯದ್ದೇ ಬೆನ್ನು ಹತ್ತಿದ. ದಿಂಬಿನ ಚೀಲದ ಬಿಳಿಗೂ ಹಾಸಿಗೆ ಬಟ್ಟೆಯ ಬಿಳಿಗೂ ಎಷ್ಟು ದೂರ, ಕಾಗದಕ್ಕೂ ಸುಣ್ಣಕ್ಕೂ ಎಷ್ಟು ದೂರ. ಇವತ್ತು ಬೆಳಿಗ್ಗೆ ಹಾಲಿನ ಲೋಟವನ್ನು ಕಿಟಕಿಗೆ ಹಿಡಿದು ನಿಂತಿದ್ದಾಗ ಅತ್ತೆ, "ಯಾಕೋ ಹಾಲನ್ನ ಹಾಗೆ ನೋಡ್ತಾ ನಿಂತಿದೀಯ? ಒಡೆದಿದೆಯಾ?" ಎಂದು ಗಾಬರಿಯಾಗಿ ತಾವೇ ಒಂದು ಗುಟುಕು ಕುಡಿದು ನೋಡಿದರು. ಒಡೆದಿರಲಿಲ್ಲ. ಒಡೆದದ್ದು ಇನ್ನೆಲ್ಲೋ. ಹೋದ ಸೋಮವಾರ ತನಗೂ ಅಂತರ ಕಂಡದ್ದು ಅವನಿಗೆ ಈಗ ಚೆನ್ನಾಗಿ ನೆನಪಿದೆ: ಒಂದು ತಗಡು ತಣ್ಣಗೆ, ಇನ್ನೊಂದು ತುಸು ಹಳದಿಗೆ ವಾಲಿ ಬೆಚ್ಚಗೆ. ಆದರೆ ಅದು ಕಂಡದ್ದು ಅವಳು 'ಬೇರೆ' ಅನ್ನುವ ಮೊದಲೋ, ಅಂದ ಮೇಲೋ? ಅದೇ ತಿಳಿಯದು. ಮಾವ ಅಂದದ್ದಕ್ಕೆ ಸಮ ಕಾಣುವ ಕಣ್ಣು, ಇವಳು ಅಂದದ್ದಕ್ಕೆ ಬೇರೆ ಕಾಣುವುದೇನು ದೊಡ್ಡ ಮಾತು? ಇಷ್ಟು ದಿನ ಮಾವನ ಬಾಲ, ಇನ್ನು ಮುಂದೆ ಹಲ್ಲಿನವಳ ಬಾಲ. ಕೂತ ಜಾಗ ಬದಲಾಯಿಸಿದ ಬಾಲ ಎಲ್ಲಾದರೂ ತಲೆಯಾದೀತೇ? ಅವಳ ಕುರ್ಚಿ ಉಳಿಸಬೇಕೆಂಬ ಆಸೆಯೇ ಅವನ ಕಣ್ಣಿಗೆ ಹಳದಿ ಬಳಿಯುತ್ತಿದ್ದರೆ, ಅದು ಮಾವನಿಗೂ ಮೋಸ, ಅವಳಿಗೂ ಮೋಸ. ಸುಮ್ಮನೆ ನೋಡಿಬಿಡುವುದು ಎಷ್ಟು ಕಷ್ಟದ ಕೆಲಸ ಎಂದು ಹದಿನಾಲ್ಕು ವರ್ಷ ನೋಡುವುದಕ್ಕೇ ಸಂಬಳ ತಗೊಂಡವನಿಗೆ ಈಗ ತಿಳಿಯುತ್ತಿತ್ತು.

ಗಂಟೆ ಹೊಡೆಯಿತು. ರಿಜಿಸ್ಟರಮ್ಮ ಪೆಟ್ಟಿಗೆ ತೆರೆದು ಮಾದರಿಯನ್ನು ಎರಡೂ ಕೈಯಲ್ಲಿ ತಂದಿಟ್ಟರು. ಮಾವ ಮೂವತ್ತರ ಪ್ರಾಯದಲ್ಲಿ ತಮ್ಮ ಕೈಯಾರೆ ಬಳಿದ ತಗಡು ಅದು. ಕಾರ್ಖಾನೆಯ ಮೊದಲ ಬಿಳಿ, ಅದಕ್ಕೇ ಒಂದನೇ ನಂಬರ್. ಮೇಲಿನ ಅಂಚನ್ನು ಹಿತ್ತಾಳೆಯ ಪಟ್ಟಿ ಕಚ್ಚಿ ಹಿಡಿದಿತ್ತು. ಪಕ್ಕದಲ್ಲಿ ಇವತ್ತಿನ ತಗಡು. ಅವನು ಒಂದು ಉಪಾಯ ಮಾಡಿದ. ಕಿವಿಯನ್ನು ಮುಚ್ಚಲು ಬರುವುದಿಲ್ಲವಲ್ಲ, ಬದಲಿಗೆ ಮಾವ ಬಾಯಿ ತೆರೆಯುವ ಮೊದಲೇ, ಅವಳ ಉಸಿರಾಟದ ಸದ್ದೂ ಕೇಳದ ಹಾಗೆ ತನ್ನ ಉಸಿರು ಬಿಗಿಹಿಡಿದು, ಎರಡು ತಗಡು ಸೇರುವ ಗೆರೆಯನ್ನು ಮಾತ್ರ ನೋಡಿದ. ಗೆರೆ ಇತ್ತು. ಸಮ ಆಗಿದ್ದರೆ ಆ ಗೆರೆ ಕರಗಬೇಕು, ಕರಗಲಿಲ್ಲ. ಎಡಕ್ಕೆ ಒಂದು ಬಿಳಿ, ಬಲಕ್ಕೆ ಇನ್ನೊಂದು. ಕಂಡದ್ದು ಅಷ್ಟೇ, ಅದರಲ್ಲಿ ಮಾವನೂ ಇರಲಿಲ್ಲ, ಅವಳೂ ಇರಲಿಲ್ಲ. ಎಷ್ಟು ಸರಳವಾಗಿತ್ತೆಂದರೆ ಅವನಿಗೆ ಅಳು ಬರುವಷ್ಟು ಹಗುರವಾಯಿತು.

"ಸಮ" ಅಂದರು ಮಾವ.

"ಸಮ" ಅಂದ ಹೌದಪ್ಪ, ಮಾವನ ಸ್ವರ ಆರುವ ಮೊದಲೇ.

ಅವನ ಗಂಟಲಿನಿಂದ ಏನೋ ಹೊರಟಿತು. ಗಂಭೀರವಾಗಿ ಹೇಳಬೇಕೆಂದು ವಾರದಿಂದ ಅಂದುಕೊಂಡಿದ್ದ ಮಾತು ಕೀಲೆಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟಿತು.

"ಏನಂದ್ರಿ? ಕೆಮ್ಮಿದ್ರಾ?" ಅಂದರು ರಿಜಿಸ್ಟರಮ್ಮ.

"ಇಲ್ಲ. ಬೇರೆ ಅಂದೆ."

"ಅಯ್ಯೋ, ನಾನಾಗ್ಲೇ ಸಮ ಅಂತ ಬರೆದುಬಿಟ್ಟಿದೀನಲ್ಲ!"

"ಬೇರೆ" ಅಂದಳು ನಾಲ್ಕನೇ ಕುರ್ಚಿಯವಳು. ಅವಳು ತನ್ನ ಕಡೆ ತಿರುಗಿದ್ದಾಳೆಂದು ಅವನಿಗೆ ಕೆನ್ನೆಯಿಂದಲೇ ಗೊತ್ತಾಯಿತು. ತಿರುಗಿ ನೋಡುವ ಎದೆಗಾರಿಕೆ ಇರಲಿಲ್ಲ.

ಎರಡಕ್ಕೆ ಎರಡು. ಇಂಥದ್ದು ಈ ಕೋಣೆಯಲ್ಲಿ ಯಾವತ್ತೂ ಆಗಿರಲಿಲ್ಲ, ಆದ್ದರಿಂದ ಅದಕ್ಕೊಂದು ಕಟ್ಟಳೆಯೂ ಇರಲಿಲ್ಲ. ಹೌದಪ್ಪ ಅತ್ತ ಇತ್ತ ನೋಡಿ, ಯಾರಿಗೆ ಹೌದನ್ನಬೇಕೆಂದು ತಿಳಿಯದೆ ಕೋಟಿನ ಗುಂಡಿ ಹಾಕಿ ತೆಗೆದು ಮಾಡುತ್ತಿದ್ದ. ಮಾವ ಎದ್ದು ನಿಂತರು. ಅವರ ಮೂಗಿನ ತುದಿ ಕೆಂಪಾಗಿತ್ತು. ಮನೆಯಲ್ಲಾದರೆ ಆ ಮೂಗನ್ನು ಕಂಡು ಅತ್ತೆಯೂ ಅಡುಗೆಮನೆಗೆ ಸರಿದುಬಿಡುತ್ತಾರೆ.

"ಮುವ್ವತ್ತು ವರ್ಷದಿಂದ ಒಂದೇ ಅಳತೆ, ಒಂದೇ ಕೈ. ಕಲಸೋರು ಒಂದು ಚಮಚ ಆಚೆ ಈಚೆ ಮಾಡಿಲ್ಲ. ಇವತ್ತು ಅದು ಬೇರೆ ಹೇಗಾಗುತ್ತೋ?"

"ಇವತ್ತಿಂದು ಸರಿಯಾಗೇ ಇದೆ ಮಾವ" ಅಂದ. ಕೆಲಸದ ಜಾಗದಲ್ಲಿ 'ಸರ್' ಅನ್ನಬೇಕೆಂಬುದೇ ಮರೆತುಹೋಗಿತ್ತು. "ಹಳದಿಯಾಗಿರೋದು ಮಾದರಿ."

ಮಾದರಿ ತಪ್ಪುವುದೆಂದರೇನು? ತಪ್ಪುವುದಾದರೆ ಅದು ಮಾದರಿ ಹೇಗಾದೀತು? ಎಲ್ಲರೂ ಇಷ್ಟು ವರ್ಷ ಅದರ ಪಕ್ಕದಲ್ಲಿಟ್ಟ ತಗಡನ್ನು ಅನುಮಾನಿಸಬಹುದಿತ್ತು, ತಮ್ಮ ಕಣ್ಣನ್ನು ಅನುಮಾನಿಸಿಕೊಳ್ಳಬಹುದಿತ್ತು, ಹೊಸಬಳನ್ನಂತೂ ಅನುಮಾನಿಸಿಯೇ ಆಗಿತ್ತು. ಆ ತಗಡನ್ನು ಅನುಮಾನಿಸಬಹುದೆಂದು ಒಬ್ಬರಿಗೂ ತೋಚಿರಲಿಲ್ಲ. ಅವಳಿಗೂ ತೋಚಿರಲಿಲ್ಲವೆಂದು ಕಾಣುತ್ತದೆ, "ಓ!" ಎಂದು ಸಣ್ಣಗೆ ಉದ್ಗರಿಸಿದಳು.

ಮಾವ ಮಾದರಿಯನ್ನೆತ್ತಿಕೊಂಡು ಕಿಟಕಿಗೆ ಹೋದರು. ಸೋದರಳಿಯನ ಕೊಬ್ಬನ್ನು ಬಿಸಿಲಿನಲ್ಲೇ ಇಳಿಸುತ್ತೇನೆ ಎಂಬಂತಿತ್ತು ನಡಿಗೆ. ಹಿತ್ತಾಳೆ ಪಟ್ಟಿಯ ತಿರುಪನ್ನು ಉಗುರಿನಿಂದ ತಿರುಗಿಸಲು ನೋಡಿದರು, ಆಗಲಿಲ್ಲ. ಹೌದಪ್ಪ ಬೀಗದ ಕೈ ಕೊಟ್ಟ. ಪಟ್ಟಿ ಕಳಚಿ ಬಂತು. ಬಳಿದಂದಿನಿಂದ ಯಾರೂ ಅದನ್ನು ಕಳಚಿರಲಿಲ್ಲ. ಮಾವ ತಗಡನ್ನು ಬೆಳಕಿಗೆ ಹಿಡಿದವರು ಹಾಗೇ ನಿಂತುಬಿಟ್ಟರು. ಬೆನ್ನು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಬೆನ್ನು ಅಲುಗತೊಡಗಿತು. ತಾನು ಏನು ಮಾಡಿಬಿಟ್ಟೆ, ಇಷ್ಟು ವಯಸ್ಸಾದವರನ್ನು ಜನರೆದುರು ಅಳಿಸಿದೆನಲ್ಲ ಎಂದು ಅವನು ಎದ್ದು ಓಡಿದ.

ಮಾವ ನಗುತ್ತಿದ್ದರು. ಸದ್ದಿಲ್ಲದ, ಹೊಟ್ಟೆ ಹಿಡಿದುಕೊಳ್ಳುವ ನಗು. ಪಟ್ಟಿ ಕಚ್ಚಿದ್ದ ಕಡೆ ಬೆರಳಗಲ ಜಾಗದಲ್ಲಿ, ಗಾಳಿಯಾಗಲಿ ಬೆಳಕಾಗಲಿ ಕೈಯಾಗಲಿ ತಾಗದೆ, ಬೇರೆಯೇ ಒಂದು ಬಿಳಿ ಉಳಿದಿತ್ತು. ಅದರ ಕೆಳಗಿನದೆಲ್ಲ ಹಳೆಯ ಪತ್ರದ ಕಾಗದದ ಬಣ್ಣ. ಇವತ್ತಿನ ತಗಡನ್ನು ಅವಳು ತಂದು ಆ ಬೆರಳಗಲದ ಪಕ್ಕ ಹಿಡಿದಳು. ಗೆರೆ ಕರಗಿಹೋಯಿತು.

"ಸಮ!" ಎಂದು ಹೌದಪ್ಪ ಕೂಗಿದ. ಕೂಗಿದ ಮೇಲೆ, ಯಾರೂ ಹೇಳುವ ಮೊದಲೇ ತಾನು ಹೇಳಿಬಿಟ್ಟೆನೆಂದು ತಿಳಿದು ಬಾಯಿ ಮುಚ್ಚಿಕೊಂಡ. ಅವನ ಮುಖ ಅರಳಿತ್ತು.

"ನೋಡ್ರೋ" ಅಂದರು ಮಾವ, ಆ ಬೆರಳಗಲದ ಮೇಲೆ ಹೆಬ್ಬೆಟ್ಟು ಆಡಿಸುತ್ತ. "ಎಂಥಾ ಬಿಳಿ ಬಳಿದಿದ್ದೆ ನಾನು! ಮರೆತೇ ಹೋಗಿತ್ತು ಕಣೋ. ಮೊದಲೇ ಹೇಳೋಕೆ ಏನಾಗಿತ್ತೋ ನಿನಗೆ, ದರಿದ್ರದವನೇ?"

"ನೀವು ಸಮ ಅಂತಿದ್ರಲ್ಲ ಮಾವ."

"ನನಗೂ ಒಂದೊಂದು ಸಲ ಏನೋ ಕಸಿವಿಸಿ ಆಗ್ತಿತ್ತು. ನನ್ನ ಕಣ್ಣು ತಪ್ಪಿದ್ರೆ ಮೂರನೇ ಕುರ್ಚಿಯಲ್ಲಿ ನೀನಿದ್ದೀಯ, ಹೇಳ್ತೀಯ ಅಂತ ಧೈರ್ಯವಾಗಿದ್ದೆ. ನೀನು ಹೇಳ್ಲಿಲ್ಲ, ಸರಿಯೇ ಇರಬೇಕು ಅಂದ್ಕೊಂಡೆ."

ಇಷ್ಟು ವರ್ಷ ಅವನು ಮಾವನ ಬೆನ್ನಿಗೆ, ಮಾವ ಅವನ ಬೆನ್ನಿಗೆ ಒರಗಿಕೊಂಡು, ಇಬ್ಬರೂ ಗೋಡೆಯೆಂದುಕೊಂಡು ಕೂತಿದ್ದರು. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಮಾವನ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಬಂತು. ಮಾವ ಅವನ ತಲೆಗೊಂದು ಮೊಟಕಿ, ರಿಜಿಸ್ಟರಮ್ಮನ ಕಡೆ ತಿರುಗಿ, ಆ ಹುಡುಗಿಯ ಎರಡು ಕೆಂಪನ್ನೂ ಹೊಡೆದುಹಾಕಿ, ಇನ್ನು ಮೇಲೆ ಮುಂಚಿತವಾಗಿ ಬರೆದರೆ ನಿಮಗೇ ಕೆಂಪು ಹಾಕಿಸುತ್ತೇನೆ ಅಂದರು. ಮತ್ತೆ ಬಂದು ಒಂದನೇ ಕುರ್ಚಿಯಲ್ಲಿ ಕೂತು, ಕೊಂಚ ಯೋಚಿಸಿ, "ಇವತ್ತಿಂದ ಶುರು ಆ ಕಡೆಯಿಂದ. ನಾನು ಕೊನೆಗೆ ಹೇಳ್ತೀನಿ" ಅಂದರು.

ಮುಂದಿನದು ತಿಳಿನೀಲಿ. ಮತ್ತೆ ಐದು ನಿಮಿಷ ಬೂದು ಹಲಗೆ. ನಾಲ್ವರ ಮುಖದಲ್ಲೂ ನಗು ಇನ್ನೂ ಆರಿರಲಿಲ್ಲ, ಕಣ್ಣು ಕೂತಿತೋ ಬಿಟ್ಟಿತೋ ದೇವರಿಗೇ ಗೊತ್ತು. ತಗಡು ಬಂದವು. ಅವಳು ನೋಡಿದಳು, ತಲೆ ತುಸು ವಾಲಿಸಿ ಇನ್ನೊಮ್ಮೆ ನೋಡಿದಳು. "ಸಮ" ಅಂದಳು. ಅಂದವಳು ಮೊದಲ ಸಲ ಮುಚ್ಚುಮರೆಯಿಲ್ಲದೆ ಅವನ ಕಡೆ ತಿರುಗಿ ನಕ್ಕಳು. ಆ ನಗುವಿನ ಎದುರು ಇಡೀ ಲೋಕವನ್ನೇ ಸಮ ಎಂದುಬಿಡಬಹುದಿತ್ತು. ಅವನ ಬಾಯಿ ಆಗಲೇ ಅರ್ಧ ತೆರೆದಿತ್ತು. ಅಷ್ಟರಲ್ಲಿ ಕಣ್ಣು ಗೆರೆಯ ಮೇಲೆ ಬಿತ್ತು. ಗೆರೆ ಕರಗಿರಲಿಲ್ಲ. ಇವತ್ತಿನ ನೀಲಿಯಲ್ಲಿ ಚಿಟಿಕೆಯಷ್ಟು ಹಸಿರು ಸೇರಿಕೊಂಡಿತ್ತು. ಮತ್ತೊಮ್ಮೆ ನೋಡಿದ, ಹೌದು. ಇನ್ನೊಮ್ಮೆ ನೋಡಿದ. ಕಾಣದಿರಲಿ ಎಂದು ಬೇಡಿಕೊಳ್ಳುತ್ತಲೇ ನೋಡಿದ. ಅದು ಅಲ್ಲೇ ಇತ್ತು.

"ಬೇರೆ" ಅಂದ. ಈ ಸಲ ಗಂಟಲು ಕಿರುಗುಟ್ಟಲಿಲ್ಲ.

ಅವಳ ನಗು ನಿಂತಿತು. ಹುಬ್ಬು ಗಂಟಿಕ್ಕಿ ತಗಡನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ತಗಡನ್ನು. ಅವನು ಕಾದ. ಒಂದೇ ಬೆಳಿಗ್ಗೆಯಲ್ಲಿ ತನಗೆ ಬೇಕಾದ ಇಬ್ಬರಿಗೂ ಅಲ್ಲವೆಂದಿದ್ದ. ಮಾವ ಅಲ್ಲೇ ಕೂತಿದ್ದರು, ಅವಳೂ ಎದ್ದು ಹೋಗಿರಲಿಲ್ಲ.

"ಎಲ್ಲಿ?" ಅಂದಳು ಅವಳು, ಕುರ್ಚಿಯನ್ನು ದರದರ ಎಳೆದುಕೊಂಡು ಹತ್ತಿರ ಬಂದು. "ನನಗೆ ಕಾಣ್ತಿಲ್ಲ. ತೋರಿಸಿ ನೋಡೋಣ."

ಅವನು ತೋರಿಸಿದ.